ಲ ಬೇರೆ, ಳ ಬೇರೆ

ಬೆಳಿಗ್ಗೆ ಎಂಟೂವರೆಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿದ್ದೇ ತಡ, ನಮ್ಮ ದಾರಿಯ ಬೆಕ್ಕುಗಳೆಲ್ಲ ಗೇಟಿಗೆ ಬಂದವು. ಅವುಗಳ ಹಿಂದೆ ನಾನು. ಕಾಸರಗೋಡಿನಲ್ಲಿ ಹೆಚ್ಚಿನ ಮನೆಗಳ ದಿನ ಶುರುವಾಗುವುದು ಹೀಗೆ. ಒಂದು ಕಿಲೋ ಭೂತಾಯಿ ತೂಗಿ ಹಳೆಯ ಪೇಪರಿನಲ್ಲಿ ಕಟ್ಟಿಕೊಟ್ಟರು. ಹಿಂದಿನ ಜಗಲಿಯಲ್ಲಿ ಕೂತು ಕಟ್ಟು ಬಿಚ್ಚಿದೆ. ಮೇಲಿದ್ದ ದಪ್ಪದೊಂದು ಮೀನಿನ ಕಿವಿರು ಇನ್ನೂ ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು. ತಿರುವನಂತಪುರದ ಯಾವುದೋ ಸುದ್ದಿಯ ಮೇಲೆ ಮಲಗಿಕೊಂಡು ಅದನ್ನೇ ಓದುತ್ತಿದ್ದ ಹಾಗಿತ್ತು. ಮೆಟ್ಟುಕತ್ತಿ ಪಕ್ಕಕ್ಕಿಟ್ಟು ಮಾತಾಡಿಸಿದೆ.

ನಾನು: ಅಕ್ಕ, ಮೊದಲು ನಿಮ್ಮ ಹೆಸರು ಹೇಳಿ.

ಭೂತಾಯಿ: ಯಾವ ಊರಿನದ್ದು ಬೇಕು? ನೀವು ಭೂತಾಯಿ ಅನ್ನುತ್ತೀರಿ. ಹುಟ್ಟಿದಲ್ಲಿಂದ ನೀರಲ್ಲೇ ಇದ್ದವಳಿಗೆ ಇಟ್ಟ ಹೆಸರು ನೋಡಿ! ನಿಮ್ಮ ಆಚೆ ಮನೆಯವರಿಗೆ ನಾನು ಮತ್ತಿ. ಕೊಚ್ಚಿ, ತಿರುವನಂತಪುರದ ಕಡೆ ಹೋದರೆ ಚಾಳ. ರಾಜಧಾನಿಯಲ್ಲಿ 'ಚಾಲ' ಅಂತ ಒಂದು ದೊಡ್ಡ ಪೇಟೆಯೇ ಉಂಟೆಂದು ಕೇಳಿ ಎಷ್ಟು ಖುಷಿಪಟ್ಟಿದ್ದೆ! ಆಮೇಲೆ ಯಾರೋ ಹೇಳಿದರು, ಆ ಲ ಬೇರೆ, ನಿನ್ನ ಳ ಬೇರೆ ಅಂತ. ಇದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾ? ನಿಮ್ಮ ಊರುಗಳ ಹೆಸರಿನ ಒಂದೊಂದು ಅಕ್ಷರ ಉಳಿಸಿ ಅಂತ ಎಷ್ಟು ಮನವಿ ಹೋಗಿದೆಯೋ ಪೇಪರಿನಲ್ಲಿ ಬರುತ್ತದೆ. ಹಳತಾದ ಮೇಲೆ ಅದರಲ್ಲೇ ನನ್ನನ್ನು ಕಟ್ಟುವುದಲ್ಲವಾ.

ನಾನು: ಕೊಚ್ಚಿಯಲ್ಲಿ ನಿಮ್ಮ ಮೇಲೆ ದೊಡ್ಡ ಸಂಶೋಧನೆ ನಡೆಯುತ್ತದಂತೆ?

ಭೂತಾಯಿ: ನಡೆಯುತ್ತದೆ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇರುವುದೇ ಅಲ್ಲಿ. ದಡಕ್ಕೆ ಬಿದ್ದ ನನ್ನನ್ನು ಲೆಕ್ಕ ಬರೆಯುತ್ತಾರೆ. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ಬಿದ್ದಿದ್ದೆ. 2021ರಲ್ಲಿ 3,297 ಟನ್. ಎಲ್ಲಿ ಹೋದಳು ಅಂತ ಗಲಾಟೆ. ನೀರು ಬಿಸಿಯಾಯಿತು, ಮಳೆ ಲಯ ತಪ್ಪಿತು, ಮರಿಗಳನ್ನು ಬಿಡದೆ ಬಾಚಿದರು ಅಂತ ಕಾರಣ ಕೊಟ್ಟರು. ಎಲ್ಲ ಸರಿಯೇ. 2023ರಲ್ಲಿ ನನ್ನ ವಂಶವಾಹಿಯನ್ನೇ ಪೂರ್ತಿ ಬಿಡಿಸಿಟ್ಟರು. ಈಗ ನನ್ನ ಜಾತಕ ಕೊಚ್ಚಿಯಲ್ಲಿ ಭದ್ರವಾಗಿ ಉಂಟು. ನಾಳೆ ನೆಲ್ಲಿಕುಂಜೆಯ ದಡಕ್ಕೆ ನಾನು ಬರುತ್ತೇನಾ ಇಲ್ಲವಾ ಎಂಬುದೊಂದು ಮಾತ್ರ ಅದರಲ್ಲಿಲ್ಲ.

ನಾನು: ಮಳೆಗಾಲದಲ್ಲಿ ನಿಮಗೆ ರಜೆ ಉಂಟಲ್ಲ?

ಭೂತಾಯಿ: ರಜೆ ಟ್ರಾಲ್ ಬೋಟಿಗೆ ಮಾರಾಯ್ರೆ, ನನಗಲ್ಲ. ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ, ಜೂನ್ 1ಕ್ಕೆ ಶುರು, 61 ದಿನ. ಈಚೆ ಜೂನ್ 9ರ ನಡುರಾತ್ರಿಗೆ, 52 ದಿನ. ನಡುವಿನ ಅಷ್ಟು ದಿನ ನಾನು ಉಳ್ಳಾಲದ ಎದುರು ಬಸುರಿ, ಮಂಜೇಶ್ವರದ ಎದುರು ಬರೇ ಮೀನು. ಅದೂ ಹೋಗಲಿ, ನನ್ನನ್ನು ಸುತ್ತುಹಾಕಿ ಹಿಡಿಯುವ ನಾಡದೋಣಿಯವರಿಗೆ ಈ ನಿಷೇಧವೇ ಇಲ್ಲ. ಅವರಿಗೆ ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಕಸಬಾ ಕಡಪ್ಪುರದಲ್ಲಿ ಆಟಿಯ ದಿನ ಒಲೆ ಉರಿಯುವುದಿದ್ದರೆ ನನ್ನಿಂದ.

ನಾನು: ಗಡಿಯ ಮಾತು ಬಂತು...

ಭೂತಾಯಿ: ಬರುತ್ತದೆ, ಕಾಸರಗೋಡಿನವರ ಬಾಯಲ್ಲಿ ಬಾರದೆ ಇರುತ್ತದಾ? 1956ರ ನವೆಂಬರ್ 1ರ ಹಿಂದಿನ ರಾತ್ರಿ ನಿಮ್ಮ ಅಜ್ಜಂದಿರು ದಕ್ಷಿಣ ಕನ್ನಡದಲ್ಲಿ ಮಲಗಿ ಕೇರಳದಲ್ಲಿ ಎದ್ದರು. ಈ ಗಡಿ ತಿದ್ದಿ ಅಂದ ಮಹಾಜನ ವರದಿ ಬಂದದ್ದು 1967ರಲ್ಲಿ. ನನ್ನ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಅದು ಇವತ್ತು ಜಾರಿಯಾಗುತ್ತದೆ, ನಾಳೆ ಜಾರಿಯಾಗುತ್ತದೆ ಅಂತ ಕಾದು ಕಾದು ನನ್ನ ಎಷ್ಟು ತಲೆಮಾರು ಹುರಿದುಹೋಯಿತು ಎಂಬ ಲೆಕ್ಕ ಕೊಚ್ಚಿಯಲ್ಲೂ ಸಿಗುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಒಳದಾರಿಗಳಿಗೆಲ್ಲ ಮಣ್ಣು ಸುರಿದರಲ್ಲ, ಆಗ ನಾನು ಬೆಳಿಗ್ಗೆ ಆಚೆ ಹೋಗಿ ಮಧ್ಯಾಹ್ನ ಈಚೆ ಬಂದೆ, ಒಬ್ಬರೂ ಪಾಸ್ ಕೇಳಲಿಲ್ಲ. ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೊರಟ ಆಂಬುಲೆನ್ಸ್ ಮಾತ್ರ ಹಿಂದೆ ಬಂತು. ದಾರಿ ಬಿಡಿಸಿ ಎಂಬ ಆದೇಶ ಕೊಚ್ಚಿಯ ಹೈಕೋರ್ಟಿನಿಂದ ಬರಬೇಕಾಯಿತು. ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಅದರ ಬಗ್ಗೆ ತಮಾಷೆ ನನ್ನಿಂದಾಗುವುದಿಲ್ಲ. ಬೇರೆ ಕೇಳಿ.

ನಾನು: 2025ರ ಮೇ ತಿಂಗಳಲ್ಲಿ ನಿಮ್ಮ ಮೇಲೆ ಅಪವಾದ ಬಂತಲ್ಲ?

ಭೂತಾಯಿ: ತಿರುವನಂತಪುರದ ವಿಳಿಂಜಂ ಬಂದರಿನ ಉದ್ಘಾಟನೆ ಮೇ 2ಕ್ಕೆ ಗಮ್ಮತ್ತಾಗಿ ಆಯಿತು. ಅಲ್ಲಿಂದ ಕೊಚ್ಚಿಗೆ ಹೊರಟ ಎಂಎಸ್‌ಸಿ ಎಲ್ಸಾ 3 ಹಡಗು ಅದೇ ತಿಂಗಳು 25ಕ್ಕೆ ಮುಳುಗಿತು. 640ರಷ್ಟು ಕಂಟೇನರ್. ಹಡಗಿನ 24 ಜನರೂ ಬದುಕಿದರು, ಪುಣ್ಯ. ತೆಂಕಣ ದಡದ ಮರಳಿನಲ್ಲಿ ಸಾಬಕ್ಕಿ ಚೆಲ್ಲಿದ ಹಾಗೆ ಪ್ಲಾಸ್ಟಿಕ್ ಮಣಿ. ಮುಳುಗಿದ್ದು ಹಡಗು, ವಿಷ ಅನ್ನಿಸಿಕೊಂಡದ್ದು ನಾನು! ನೀವೂ ಒಂದು ವಾರ ಕೋಳಿ ತಂದಿರಿ, ನನಗೆ ಗೊತ್ತುಂಟು. ಆ ಕೋಳಿ ಎಂತ ತಿಂದು ಬೆಳೆದದ್ದು? ಮರಿ ಇರುವಾಗಲೇ ಮೀನುಹುಡಿಯ ಕಾರ್ಖಾನೆಗೆ ಹೋದ ನನ್ನ ತಂಗಿಯಂದಿರನ್ನು.

(ಇಲ್ಲಿ ನಾನು ಸ್ವಲ್ಪ ಹೊತ್ತು ಪೇಪರ್ ಓದುವ ಹಾಗೆ ಮಾಡಿದೆ.)

ನಾನು: ಇಷ್ಟು ಸುತ್ತಿದವರು ನೀವು. ಸಣ್ಣ ಕಡಲೂರಿನ ಬದುಕು ಹೇಗನ್ನಿಸುತ್ತದೆ?

ಭೂತಾಯಿ: ಫೋರ್ಟ್ ಕೊಚ್ಚಿಯಲ್ಲಿ ಚೀನಾ ಬಲೆಯ ಫೋಟೋ ತೆಗೆಯುವವರಿಗೆ ಬಲೆಯೊಳಗೆ ಎಂತ ಉಂಟೆಂಬ ಚಿಂತೆಯಿಲ್ಲ. ನಿಮ್ಮಲ್ಲಿ ಬಲೆ ಯಾರದ್ದಾದರೂ ಆಗಲಿ, ಯಾವ ಮನೆಗೆ ಎಷ್ಟು ಕಿಲೋ ಹೋಯಿತೆಂಬುದು ಹತ್ತು ಗಂಟೆಯೊಳಗೆ ಊರಿಗೇ ಗೊತ್ತು. ಮೂರನೇ ಮನೆಯ ಭಟ್ಟರು ನನ್ನನ್ನು ಮುಟ್ಟುವವರಲ್ಲ, ಆದರೆ ನನ್ನ ದರ ಅವರಿಗೆ ನಿಮಗಿಂತ ಮೊದಲು ಗೊತ್ತಿರುತ್ತದೆ. ಅಗ್ಗವಾದ ದಿನ ತೆಂಗಿನ ಬುಡಕ್ಕೆ ಹಾಕಿಸಬೇಕಲ್ಲ. ನೀವು ದಿನಾ ಅರ್ಧ ಕಿಲೋ ತೆಗೆಯುವವರು, ಇವತ್ತು ಒಂದು ಕಿಲೋ. ನೋಡಿ ಬೇಕಿದ್ದರೆ.

ಅಷ್ಟರಲ್ಲಿ ಪಾಗಾರದ ಆಚೆಯಿಂದ ಸ್ವರ ಬಂತು: "ಮೀನು ಜೋರುಂಟಲ್ಲ, ಯಾರು ಬರುವುದು?"

ಯಾರೂ ಇಲ್ಲ ಅಂದೆ. ಅವರು ನಂಬಲಿಲ್ಲ.

ನಾನು: ಕಡೆಗೊಂದು ಫೋಟೋ?

ಭೂತಾಯಿ: ತೆಗೆಯಿರಿ. ತಲೆ, ಬಾಲ ಎರಡೂ ಬರಲಿ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ. ಕೇರಳದಲ್ಲಿ ನಾನು 10 ಸೆಂಟಿಮೀಟರ್ ಇಲ್ಲದಿದ್ದರೆ ಹಿಡಿದವರ ಮೇಲೆ ಕೇಸು. ಅರ್ಧ ಫೋಟೋ ಹಾಕಿ ಯಾರದ್ದೋ ಹೊಟ್ಟೆಗೆ ಹೊಡೆಯಬೇಡಿ.

ಸ್ಕೇಲ್ ತಂದಿಟ್ಟೆ. ಹದಿನಾರು ಸೆಂಟಿಮೀಟರ್. ಫೋಟೋ ಸರಿ ಬಂತಾ ಅಂತ ಮೊಬೈಲಿನಲ್ಲಿ ನೋಡಿ ತಲೆ ಎತ್ತುವಷ್ಟರಲ್ಲಿ ಪೇಪರಿನ ಮೇಲೆ ಸ್ಕೇಲ್ ಮಾತ್ರ ಇತ್ತು. ಬೆಕ್ಕು ಆಗಲೇ ಗೇಟು ದಾಟಿತ್ತು.