ಸಂಚಾರಿ ಪ್ರೊಜೆಕ್ಟರ್ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಶುರುವಾಗಕೂಡದು. ಈ ಗ್ರಂಥದ ವಿಷಯ, ಹೆಗಲ ಚೀಲದಲ್ಲಿ ಹಿಡಿಸುವ ಪ್ರೊಜೆಕ್ಟರು. ಪ್ರಯೋಜನ ದ್ವಿವಿಧ: ಹಗಲು ಆಫೀಸಿನಲ್ಲಿ ಪಿಪಿಟಿ, ರಾತ್ರಿ ಮನೆಯಲ್ಲಿ ಸಿನಿಮಾ. ಸಂಬಂಧವೆಂದರೆ ಎಚ್‌ಡಿಎಂಐ ಕೇಬಲ್ಲು. ಅದು ಹೊಸ ಲ್ಯಾಪ್‌ಟಾಪಿನ ತೂತಿಗೆ ಕೂರದ ಕಾರಣ ನಡುವೆ ಒಂದು ಕನೆಕ್ಟರನ್ನೂ ಶಾಸ್ತ್ರಕಾರರು ಒಪ್ಪಿದ್ದಾರೆ. ಅಧಿಕಾರಿ ಯಾರು ಎಂಬಲ್ಲಿ ಮಾತ್ರ ಭಿನ್ನಮತವಿದೆ. ದುಡ್ಡಿರುವವನು ಎಂದು ಕೆಲವರು. ಉದ್ದದ ಎಕ್ಸ್‌ಟೆನ್ಷನ್ ಬೋರ್ಡ್ ಇರುವವನು ಎಂದು ನಾವು.

ಲ್ಯೂಮೆನ್ ಅಧಿಕರಣ

ಪೆಟ್ಟಿಗೆಯ ಮೇಲೆ ‘9000 ಲ್ಯೂಮೆನ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಇದು ವಿಧಿಯೋ ಅರ್ಥವಾದವೋ ಎಂಬುದು ಸಂಶಯ. ವಿಧಿಯನ್ನು ಹೊಗಳಲು ಬರುವ ಮಾತನ್ನು ಮೀಮಾಂಸಕರು ಅರ್ಥವಾದ ಎಂದು ಪಕ್ಕಕ್ಕಿಟ್ಟರು. ಅದನ್ನು ಅಕ್ಷರಶಃ ನಂಬಬೇಕಿಲ್ಲ. ಒಂದು ಮೇಣದಬತ್ತಿ ಸುತ್ತಲೂ ಚೆಲ್ಲುವ ಬೆಳಕು ಹೆಚ್ಚುಕಮ್ಮಿ 12.5 ಲ್ಯೂಮೆನ್. ಆ ಲೆಕ್ಕದಲ್ಲಿ 9000 ಎಂದರೆ 720 ಮೇಣದಬತ್ತಿ. ಅಷ್ಟನ್ನು ಹಾಲಿನಲ್ಲಿ ಹಚ್ಚಿದರೆ ಸಿನಿಮಾಕ್ಕೆ ಮೊದಲು ಫೈರ್ ಎಂಜಿನ್ ಬರುತ್ತದೆ.

ಇಂಥಲ್ಲಿ ಅಡಾಪ್ಟರೇ ಪ್ರಮಾಣ. ನಮ್ಮ ಮನೆಗಳ 9 ವಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. 9000 ಬೇಕಾದರೆ ಅಂಥ ಹತ್ತು ಬಲ್ಬು, 90 ವಾಟ್. ಅದೂ ಮಸೂರದಲ್ಲಿ, ಫಲಕದಲ್ಲಿ ಬೆಳಕು ಒಂದಿಷ್ಟೂ ಪೋಲಾಗದಿದ್ದರೆ. ಪೋಲಾಗುವುದೇ ಹೆಚ್ಚು. ಈಗ ಅಡಾಪ್ಟರನ್ನು ಮಗುಚಿ ಓದಿ, 60 ವಾಟ್ ಎಂದಿದ್ದರೆ ವಾದ ಮುಗಿಯಿತು. ಪೆಟ್ಟಿಗೆ ಸುಳ್ಳು ಹೇಳೀತು, ಅಡಾಪ್ಟರು ಹೇಳದು. ಅದಕ್ಕೆ ಮಾರ್ಕೆಟಿಂಗ್ ವಿಭಾಗವಿಲ್ಲ.

ನಂಬತಕ್ಕದ್ದು ಆನ್ಸಿ ಲ್ಯೂಮೆನ್. ಪರದೆಯನ್ನು ಒಂಬತ್ತು ಮನೆ ಮಾಡಿ, ಪ್ರತಿ ಮನೆಯ ನಡುವೆ ಬೆಳಕು ಅಳೆದು, ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸಬೇಕೆಂದು ಅಮೆರಿಕದ ಮಾನಕ ಸಂಸ್ಥೆ 1992ರಲ್ಲಿ ವಿಧಿಸಿತು. ಇದಕ್ಕೂ ನವಗ್ರಹಕ್ಕೂ ಸಂಬಂಧವಿದೆ ಎಂದು ವಾದಿಸುವ ವಿದ್ವಾಂಸರು ಮುಂದೆ ಹುಟ್ಟಿಯಾರು. ಬ್ಯಾಟರಿಯುಳ್ಳ ಸಂಚಾರಿ ಯಂತ್ರಗಳು ಈ ತಕ್ಕಡಿ ಹತ್ತಿದೊಡನೆ ಸಾಮಾನ್ಯವಾಗಿ 200–500ರ ಮಟ್ಟಕ್ಕೆ ಇಳಿಯುತ್ತವೆ. ಟ್ಯೂಬ್‌ಲೈಟು ಉರಿಯುವ ಮೀಟಿಂಗ್ ರೂಮು ಕೇಳುವುದು 3000. ಅಂದರೆ ಚೀಲದಲ್ಲಿ ಹಿಡಿಸುವುದು ಆಫೀಸಿಗೆ ಸಾಲದು, ಆಫೀಸಿಗೆ ಸಾಲುವುದು ಚೀಲದಲ್ಲಿ ಹಿಡಿಸದು. ಈ ವಿರೋಧವನ್ನು ಸೇಲ್ಸ್‌ಮನ್ನರ ಪರಂಪರೆ ಇಂದಿಗೂ ಪರಿಹರಿಸಿಲ್ಲ, ಮುಗುಳ್ನಗುತ್ತದೆ, ಅಷ್ಟೆ.

ದರ್ಶನಭೇದ, ಸಂಕ್ಷಿಪ್ತವಾಗಿ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡ ಕಿರುಗನ್ನಡಿಗಳ ಚಿಪ್ಪಿನಿಂದ ಡಿಎಲ್‌ಪಿ ದರ್ಶನ ಹೊರಟಿತು. ಒಂದೇ ಚಿಪ್ಪಿನ ಯಂತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಬರುತ್ತವೆ. ಕೂಡಿದಂತೆ ಕಾಣುವುದು ಕಣ್ಣಿನ ಭ್ರಮೆ. ಇವರನ್ನು ಮಾಯಾವಾದಿಗಳೆನ್ನಬಹುದು. ಕತ್ತು ತಿರುಗಿಸಿದಾಗ ಕಾಮನಬಿಲ್ಲಿನ ಗೆರೆ ಕಾಣುವವರಿಗೆ ಮಾಯೆ ಹರಿದಿದೆ ಎಂದರ್ಥ, ಪಾಪ, ಅವರಿಗೆ ತಲೆನೋವೂ ಬರುತ್ತದೆ. 3ಎಲ್‌ಸಿಡಿ ಮತದಲ್ಲಿ ಮೂರು ಬಣ್ಣಗಳೂ ನಿತ್ಯ, ಮೂರಕ್ಕೂ ಬೇರೆ ಬೇರೆ ಫಲಕ, ಕೊನೆಗೆ ಪಟ್ಟಕದಲ್ಲಿ ಐಕ್ಯ. ಮೂರನೆಯವರು ‘ಫುಲ್ ಎಚ್‌ಡಿ ಸಪೋರ್ಟ್’ ಎನ್ನುವ ಅಗ್ಗದ ಮತದವರು. ಒಳಗಿನ ಫಲಕ ಎಷ್ಟೋ ಸಲ 800×480. ಫುಲ್ ಎಚ್‌ಡಿಯ 1920×1080ರ ಮುಂದೆ ಐದರಲ್ಲೊಂದು ಪಾಲಿಗೂ ಕಡಿಮೆ. ಸಪೋರ್ಟ್ ಎಂದರೆ ಇಲ್ಲಿ ಬಾಹ್ಯ ಬೆಂಬಲ. ಸಂಪುಟ ಸೇರಿದ್ದಾರೆ ಎಂದುಕೊಳ್ಳಬೇಡಿ. ‘ನೇಟಿವ್ ರೆಸಲ್ಯೂಷನ್ ಎಷ್ಟು?’ ಎಂದೇ ಕೇಳತಕ್ಕದ್ದು. ಎಕ್ಸೆಲ್ ಹಾಳೆಯ ಅಂಕಿಗಳನ್ನು ಸಭೆ ಓದಬಾರದು ಎನ್ನುವ ಲೆಕ್ಕಪತ್ರ ವಿಭಾಗದವರು ಮಾತ್ರ ಕೇಳದೆ ಕೊಳ್ಳಬಹುದು.

ಅಂಧಕಾರ ಪ್ರಕರಣ

ಗ್ರಂಥದ ಹೃದಯ ಇದು. ಪ್ರೊಜೆಕ್ಟರಿಗೆ ಎಲ್ಲ ಬಣ್ಣ ಎಸೆಯಲು ಬರುತ್ತದೆ, ಕಪ್ಪನ್ನು ಎಸೆಯಲು ಬರುವುದಿಲ್ಲ. ತೆರೆಯ ಮೇಲಿನ ಕಪ್ಪು ಎಂದರೆ ನಿಮ್ಮ ಗೋಡೆ ಆ ಗಳಿಗೆಯಲ್ಲಿ ಎಷ್ಟು ಕಪ್ಪಗಿದೆಯೋ ಅಷ್ಟೆ.

ಗಣಿತ ನೋಡಿ. 100 ಇಂಚಿನ ಚಿತ್ರದ ವಿಸ್ತೀರ್ಣ ಸುಮಾರು 2.75 ಚದರ ಮೀಟರ್. 300 ಆನ್ಸಿ ಲ್ಯೂಮೆನ್ನನ್ನು ಅಷ್ಟಗಲಕ್ಕೆ ಹರಡಿದರೆ ದಕ್ಕುವುದು 109 ಲಕ್ಸ್. ಹಾಲಿನ ಟ್ಯೂಬ್‌ಲೈಟು ಅದೇ ಗೋಡೆಗೆ 100 ಲಕ್ಸ್ ಸುರಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗ ಬಿಳಿಯ ಬೆಲೆ 209, ಕಪ್ಪಿನ ಬೆಲೆ 100. ಪೆಟ್ಟಿಗೆಯ ಮೇಲಿನ 2000:1 ಕಾಂಟ್ರಾಸ್ಟು ನಿಮ್ಮ ಹಾಲಿನಲ್ಲಿ 2:1 ಆಯಿತು. ನಾಯಕ, ಖಳನಾಯಕ, ಅವರ ಹಿಂದಿನ ಅಮಾವಾಸ್ಯೆ ಮೂರೂ ಒಂದೇ ಬಣ್ಣ. ಚಿತ್ರವನ್ನು 50 ಇಂಚಿಗೆ ಕುಗ್ಗಿಸಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದರೆ 50 ಇಂಚಿಗಾಗಿ ಪ್ರೊಜೆಕ್ಟರ್ ಕೊಂಡೆ ಎಂದು ಯಾವ ಗಂಡಸೂ ನೆಂಟರ ಮುಂದೆ ಹೇಳಲಾರ.

ತಮಸ್ಸು ಸ್ವತಂತ್ರ ದ್ರವ್ಯ ಎಂದು ಭಾಟ್ಟ ಮೀಮಾಂಸಕರೂ, ಅಲ್ಲ, ಅದು ಬೆಳಕಿನ ಅಭಾವ ಮಾತ್ರ ಎಂದು ನೈಯಾಯಿಕರೂ ಬಹುಕಾಲ ಜಗಳವಾಡಿದರು. ಮೇಲಿನ ಗಣಿತ ನೈಯಾಯಿಕರ ಪರ. ಆದರೆ ಬ್ಲ್ಯಾಕ್‌ಔಟ್ ಕರ್ಟನ್ ಬಟ್ಟೆ ಮೀಟರ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ದುಡ್ಡು ಕೊಟ್ಟು ತರುವುದು ದ್ರವ್ಯವಲ್ಲದೆ ಮತ್ತೇನು? ಹಾಗಾಗಿ ಭಾಟ್ಟರೂ ಗೆದ್ದರು. ಪ್ರೊಜೆಕ್ಟರಿಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಕತ್ತಲೆಗೆ ತೆಗೆದಿಡಬೇಕೆಂಬುದು ಉಭಯಸಮ್ಮತ.

ಕತ್ತಲೆಯ ಮಾರ್ಗದಲ್ಲಿ ಇಬ್ಬರು ದ್ವಾರಪಾಲಕರಿದ್ದಾರೆ. ಆಫೀಸಿನಲ್ಲಿ ಮ್ಯಾನೇಜರು: ಲೈಟ್ ಆರಿಸಿದರೆ ಜನ ನಿದ್ದೆ ಹೊಡೆಯುತ್ತಾರೆ ಎಂಬುದು ಅವರ ಅನುಭವವಾಕ್ಯ. ಮನೆಯಲ್ಲಿ ಅಜ್ಜಿ: ‘ದೀಪ ಹಚ್ಚೋ ಹೊತ್ತಲ್ಲಿ ಮನೆಯೆಲ್ಲ ಕತ್ಲೆ ಮಾಡ್ಕೊಂಡು ಕೂತಿದೀರಲ್ಲೋ, ಲಕ್ಷ್ಮಿ ಒಳಗೆ ಬರೋದು ಬೇಡ್ವಾ?’ ಮ್ಯಾನೇಜರಿಗೆ ಉತ್ತರವಿಲ್ಲ. ಅಜ್ಜಿಗೆ ಇದೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಸೂರ್ಯ ಆರೂವರೆ ಸುಮಾರಿಗೆ ಮುಳುಗುತ್ತಾನೆ, ಐಪಿಎಲ್ ಶುರುವಾಗುವುದು ಏಳೂವರೆಗೆ. ನಡುವೆ ಲಕ್ಷ್ಮಿ ಬಂದು ಕೂರಲು ಪೂರ್ತಿ ಒಂದು ಗಂಟೆಯಿದೆ. ದೇವರ ಮನೆಯ ನಂದಾದೀಪ ಹತ್ತು ಹನ್ನೆರಡು ಲ್ಯೂಮೆನ್ನಿನ ಪದಾರ್ಥ, ಅದರಿಂದ ಬೌಂಡರಿಗೆ ಧಕ್ಕೆಯಿಲ್ಲ. ಆರಬೇಕಾದ್ದು ಟ್ಯೂಬ್‌ಲೈಟು. ಈ ವ್ಯಾಖ್ಯಾನವನ್ನು ಅಜ್ಜಿ ಒಪ್ಪಿದ್ದಾರೆ, ಟಾಸ್ ತಮಗೆ ಕಾಣಬೇಕೆಂಬ ಷರತ್ತಿನ ಮೇಲೆ.

ಛಾಯಾ ಪ್ರಕರಣ

ಚಿತ್ರದ ಅಗಲಕ್ಕೆ ಯಂತ್ರದ ದೂರ ಎಷ್ಟು ಪಟ್ಟು ಎಂಬುದು ಥ್ರೋ ರೇಷಿಯೋ. 100 ಇಂಚಿನ ಚಿತ್ರ ಏಳೂಕಾಲು ಅಡಿ ಅಗಲ, ರೇಷಿಯೋ 1.2 ಇದ್ದರೆ ಯಂತ್ರ ಗೋಡೆಯಿಂದ ಸುಮಾರು ಎಂಟೂಮುಕ್ಕಾಲು ಅಡಿ ದೂರ ಕೂರಬೇಕು. ಹತ್ತು-ಹನ್ನೆರಡರ ಹಾಲಿನಲ್ಲಿ ಆ ಬಿಂದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಹೆದ್ದಾರಿ. ಪ್ರತಿ ಕ್ಲೈಮ್ಯಾಕ್ಸಿನಲ್ಲೂ ಒಬ್ಬರು ಚೊಂಬು ಹಿಡಿದು ನಾಯಕಿಯ ಮುಖದ ಮೇಲೆ ಹಾದುಹೋಗುವುದು ನಿಯತ.

ನಮ್ಮ ತೊಗಲುಗೊಂಬೆಯವರು ಇದನ್ನು ಎಂದೋ ಬಿಡಿಸಿದ್ದರು. ದೀಪವೂ ಗೊಂಬೆಯೂ ಬಿಳಿ ಪರದೆಯ ಹಿಂದೆ, ಜನ ಮುಂದೆ; ಯಾರು ಎದ್ದು ಹೋದರೂ ರಾವಣನಿಗೆ ಏನೂ ಆಗದು. ಇಂದಿನ ಪ್ರೊಜೆಕ್ಟರಿನ ಮೆನುವಿನಲ್ಲೂ ‘ರಿಯರ್’ ಎಂಬ ಆಯ್ಕೆ ಇರುತ್ತದೆ, ಒತ್ತಿದರೆ ಚಿತ್ರ ಎಡಬಲ ತಿರುಗುತ್ತದೆ. ಆದರೆ ಮೇಳದವರಿಗೆ ಊರ ಬಯಲಿತ್ತು. ಹನ್ನೆರಡು ಅಡಿ ಹಾಲಿನಲ್ಲಿ ಪರದೆಯ ಹಿಂದಕ್ಕೆ ಎಂಟೂಮುಕ್ಕಾಲು ಕೊಟ್ಟರೆ ಸಮಸ್ತ ಕುಟುಂಬಕ್ಕೆ ಉಳಿಯುವುದು ಮೂರೂಕಾಲು ಅಡಿ.

ಯಂತ್ರವನ್ನು ಓರೆಯಿಟ್ಟು ಕೀಸ್ಟೋನ್ ಗುಂಡಿಯಿಂದ ಚಿತ್ರ ನೇರ ಮಾಡುವುದು ನಿಷಿದ್ಧವಲ್ಲ, ನಿಂದ್ಯ; ಫಲಕದ ಅಂಚಿನ ಪಿಕ್ಸೆಲ್ಲುಗಳು ದಂಡವಾಗುತ್ತವೆ. ಎತ್ತರ ಬೇಕಾದರೆ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿದೆ, ಎಂಟು ಸಂಪುಟ. ಬ್ಯಾಟರಿಯ ಬಗ್ಗೆ ಒಂದೇ ಮಾತು: ಅದು ಎರಡು ಗಂಟೆ, ನಮ್ಮ ಸಿನಿಮಾ ಎರಡೂವರೆ. ಪ್ಲಗ್ ಮರೆತ ಮನೆಗಳಲ್ಲಿ ಖಳನಾಯಕ ಸಾಯುವುದೇ ಇಲ್ಲ.

ಭಿತ್ತಿ ನಿರ್ಣಯ

ಇಷ್ಟಾದ ಮೇಲೆ ಗೋಡೆ. ಎಡಕ್ಕೆ ತಾತನ ಫೋಟೋ, ಬಲಕ್ಕೆ ಗಡಿಯಾರ. ಫೋಟೋ ಕದಲಿಸುವಂತಿಲ್ಲ, ಗಡಿಯಾರದ ಮೊಳೆ ಕಿತ್ತರೆ ಗಾರೆ ಬರುತ್ತದೆ. ನಡುವಿನ ಬಯಲು ನಾಲ್ಕಡಿ. ನಾಲ್ಕಡಿ ಅಗಲದ ಚಿತ್ರ ಮೂಲೆಯಿಂದ ಮೂಲೆಗೆ 55 ಇಂಚು.

ಪೂರ್ವಪಕ್ಷಿ ಕೇಳುತ್ತಾನೆ: 55 ಇಂಚಿನ ಟಿವಿಯನ್ನು ಅಂಗಡಿಯವರೇ ತಂದು ಗೋಡೆಗೆ ಕೂರಿಸಿ ಹೋಗುತ್ತಾರಲ್ಲ, ಸ್ವಾಮಿ? ಲೈಟು ಆರಿಸಬೇಕಿಲ್ಲ, ಅಜ್ಜಿಯ ಹತ್ತಿರ ವಾದವೂ ಇಲ್ಲ.

ಸಿದ್ಧಾಂತಿ: ಟಿವಿಯನ್ನು ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋಗಲಾದೀತೇ?

ಪೂರ್ವಪಕ್ಷಿ: ಆಫೀಸಿನ ಮೀಟಿಂಗ್ ರೂಮಿನಲ್ಲೂ ಆಗಲೇ ಒಂದು ಟಿವಿ ಇದೆಯಲ್ಲ?

ಸಿದ್ಧಾಂತಿ: ಹಾಗಲ್ಲ. ಏಕೆಂದರೆ…

(ಇಲ್ಲಿಂದ ಮುಂದೆ ಗ್ರಂಥಪಾತ. ಉಳಿದ ಗರಿಗಳನ್ನು ಗೆದ್ದಲು ತಿಂದಿದೆ. ಖರೀದಿಯ ಬಿಲ್ಲು ಮಾತ್ರ ಸಿಕ್ಕಿದೆ. ವಾಪಸು ಕೊಡುವ ಗಡುವು ಮುಗಿದಿದೆ.)