ಶಾಲುಗಳಿದ್ದವು, ಸಾಲಲಿಲ್ಲ

ದಾವಣಗೆರೆಯಲ್ಲಿ ಚಳಿ ಹೆಚ್ಚಾಗಿ ಮಾತಿನಲ್ಲೇ ಇರುತ್ತದೆ. ಸಂಕ್ರಾಂತಿಯ ಆಚೆ ಈಚೆ ಕೆಲವು ದಿನ ಬಂದು, ವಾಕಿಂಗಿಗೆ ಹೋಗುವವರ ನಡುವೆ ಸುದ್ದಿಯಾಗಿ, ಬೆಣ್ಣೆದೋಸೆಯ ಕಾವಲಿ ಕಾಯುವ ಹೊತ್ತಿಗೆ ಹೊರಟುಹೋಗುತ್ತದೆ. ಉಷ್ಣಾಂಶ 15 ಡಿಗ್ರಿಗೆ ಇಳಿದರೆ ಸಾಕು, ನಮ್ಮ ಬಡಾವಣೆಯ ಹಿರಿಯರೆಲ್ಲ ಮಂಕಿ ಕ್ಯಾಪಿನೊಳಗೆ ಹೊಕ್ಕು, ಎದುರು ಬಂದವರು ಯಾರೆಂದು ತಿಳಿಯದೆ ಒಬ್ಬರನ್ನೊಬ್ಬರು ತಪ್ಪು ಹೆಸರಿನಿಂದ ಕೂಗಿಕೊಳ್ಳುತ್ತಾರೆ. ಬೆಂಗಳೂರಿನವರು ಈ ವಿಷಯದಲ್ಲಿ ನಮಗಿಂತ ಒಂದು ಕೈ ಮೇಲು. ಅವರ ಊರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. ಅವತ್ತು ನಡುಗಿದವರು ಯಾರೂ ಈಗ ಉಳಿದಿಲ್ಲ; ಜಂಬ ಮಾತ್ರ ಉಳಿದಿದೆ.

ಇಂಥ ನಾಡಿನಲ್ಲಿ ಹುಟ್ಟಿ, ಇಂಥ ಊರಿನಲ್ಲಿ ಕಾಲೇಜು ಮೇಷ್ಟ್ರಾಗಿ ನಿವೃತ್ತನಾದ ನನ್ನನ್ನು ಮಗಳು ಜನವರಿಯಲ್ಲಿ ಕಾಶ್ಮೀರಕ್ಕೆ ಹೊರಡಿಸಿದಳು. ಟಿಕೆಟ್ ಮಾಡಿಸಿ ಆದಮೇಲೆ ಹೇಳಿದಳು. ಅಲ್ಲಿ ಡಿಸೆಂಬರ್ 21ರಿಂದ 40 ದಿನ ‘ಚಿಲ್ಲಾಯಿ ಕಲಾನ್’ ಎಂಬ ಘೋರ ಚಳಿ. ಅದು ಮುಗಿದ ಮೇಲೆ 20 ದಿನ ಅದರ ತಮ್ಮ, ಆಮೇಲೆ 10 ದಿನ ಅದರ ಮರಿ. ಮರಿಯ ಜೊತೆ ಆಡಿಕೊಂಡು ಬರಬಹುದಿತ್ತು. ಮಗಳು ಆರಿಸಿದ್ದು ಅಣ್ಣನನ್ನೇ. “ಹಿಮ ಬೀಳೋದೇ ಆವಾಗ ಅಪ್ಪಾ” ಎಂದಳು.

ಮನೆಯಲ್ಲಿ ಏನಿದೆಯೋ ಮೊದಲು ನೋಡೋಣವೆಂದು ನನ್ನ ಹೆಂಡತಿ ಬೀರುವಿನ ಬಾಗಿಲು ತೆಗೆದಳು. ನುಸಿಗುಳಿಗೆಯ ವಾಸನೆಯ ಹಿಂದೆಯೇ ಶಾಲುಗಳು ದಬದಬನೆ ಬಿದ್ದವು. ಈ ನಾಡಿನಲ್ಲಿ ಹಗಲು ಪಾಠ ಹೇಳಿ, ಸಂಜೆ ಭಾಷಣ ಮಾಡಿಕೊಂಡು ಬಂದವನ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಶಾಲಿಗೆ ಬರವಿರುವುದಿಲ್ಲ. ರಾಜ್ಯೋತ್ಸವದ್ದು, ಗಣೇಶೋತ್ಸವದ್ದು, ಹಳೆ ವಿದ್ಯಾರ್ಥಿಗಳ ಗುರುವಂದನೆಯದ್ದು, ಯಾರದೋ ಪುಸ್ತಕ ಬಿಡುಗಡೆಯದ್ದು. ಸನ್ಮಾನದಲ್ಲಿ ಬಂದ ಹಣ್ಣಿನ ಬುಟ್ಟಿ ಎರಡು ದಿನಕ್ಕೆ ಮುಗಿಯುತ್ತದೆ, ಪೇಟ ಯಾವುದಾದರೂ ಮಗುವಿನ ಛದ್ಮವೇಷಕ್ಕೆ ಹೋಗುತ್ತದೆ, ಹಾರವನ್ನು ಬೀದಿಯ ದನ ನೋಡಿಕೊಳ್ಳುತ್ತದೆ. ಶಾಲಿಗೆ ಮಾತ್ರ ಮೋಕ್ಷವಿಲ್ಲ.

“ಅಲ್ರೀ, ಇಷ್ಟೊಂದ್ ಶಾಲು ಐತೆ. ಒಂದರ ಮೇಲೊಂದು ಹೊದ್ಕಂಡ್ರೆ ಸಾಲಲ್ವಾ?”

ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಅದರ ಮೂಲಕ ಗೋಡೆಯ ಕ್ಯಾಲೆಂಡರಿನ ಏಕಾದಶಿ ಸ್ಪಷ್ಟವಾಗಿ ಕಾಣುತ್ತಿತ್ತು. ಸನ್ಮಾನದ ಶಾಲನ್ನು ನೇಯುವುದು ಚಳಿಗಲ್ಲ, ಫೋಟೋಗೆ. ಹೊದಿಸಿ, ಕ್ಯಾಮೆರಾ ಮಿಂಚಿ, ಮುಂದಿನ ಸನ್ಮಾನಿತರ ಹೆಸರು ಕರೆಯುವವರೆಗೆ ಹೆಗಲ ಮೇಲೆ ನಿಂತರೆ ಅದರ ಕೆಲಸ ಮುಗಿಯಿತು. ಅನುಭವದಿಂದ ಇನ್ನೊಂದು ನಿಯಮವನ್ನೂ ಕಂಡುಕೊಂಡಿದ್ದೇನೆ: ಅಭಿನಂದನಾ ನುಡಿ ಉದ್ದವಾದಷ್ಟೂ ಶಾಲು ತೆಳುವಾಗಿರುತ್ತದೆ. ಆ ರಾಶಿಯಲ್ಲಿ ಒಂದು ಕೆಂಪಂಚಿನ ಶಾಲಿತ್ತು. ಹಿಂದೊಮ್ಮೆ ಮುಖ್ಯ ಅತಿಥಿಯಾಗಿ ನಾನೇ ಇನ್ನೊಬ್ಬರಿಗೆ ಹೊದಿಸಿದ್ದು, ಯಾವ ಯಾವ ಹೆಗಲು ಏರಿಳಿದೋ ತಿಳಿಯದು, ಕೊನೆಗೆ ನನಗೇ ಸನ್ಮಾನವಾಗಿ ಬಂದಿತ್ತು. ಅಂಚಿನ ಕಾಫಿ ಕಲೆಯಿಂದ ಗುರುತು ಹಿಡಿದೆ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ನನ್ನ ಷಡ್ಡಕರ ಫೋನು. ಅವರು ಹಿಂದೆ ಮನಾಲಿಗೆ ಹೋಗಿಬಂದವರು. ನಮ್ಮ ಕಡೆ ಒಮ್ಮೆ ಹಿಮ ಮುಟ್ಟಿ ಬಂದವರು ಚಳಿಯ ವಿಷಯದಲ್ಲಿ ಸಾಯುವವರೆಗೆ ಪಂಡಿತರು. “ಒಂದು ದಪ್ಪ ಸ್ವೆಟರಿಂದ ಏನೂ ಆಗಂಗಿಲ್ರೀ. ಮೂರು ಪದರ ಬೇಕು. ಮೈಗೆ ಅಂಟಿಕೊಂಡು ಥರ್ಮಲ್, ಅದರ ಮ್ಯಾಲೆ ಉಣ್ಣಿದು, ಅದರ ಮ್ಯಾಲೆ ಗಾಳಿ ಹೋಗದ ಜಾಕೆಟ್ಟು. ಬಟ್ಟಿ ಬೆಚ್ಚಗಿಡಂಗಿಲ್ಲ, ನಡುವ ಸಿಕ್ಕೊಂಡಿರೋ ಗಾಳಿ ಬೆಚ್ಚಗಿಡ್ತದ.” ಮಾತೇನೋ ಸರಿ. ಮೈಯ ಶಾಖ ಹೊರಗೆ ಹೋಗದಂತೆ ತಡೆಯುವುದು ಕದಲದೆ ನಿಂತ ಗಾಳಿಯೇ. ಉಣ್ಣೆಯ ಗುಂಗುರಿನಲ್ಲಿ, ಹಕ್ಕಿಯ ಪುಕ್ಕದಲ್ಲಿ ಅಡಗಿ ಕೂರುವುದೂ ಅದೇ. ಅಂದರೆ ನಾನು ಇಷ್ಟೂ ಸಾವಿರ ಕೊಟ್ಟು ಕೊಳ್ಳಬೇಕಾಗಿದ್ದುದು ಗಾಳಿ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಮತ್ತ ಹತ್ತಿ ಬನಿಯನ್ ಮಾತ್ರ ಹಾಕಬ್ಯಾಡ್ರಿ. ಹತ್ತಿ ಬೆವರು ಕುಡದು ಹಸಿಯಾಗಿ ಮೈ ತಣ್ಣಗ ಮಾಡ್ತದ” ಎಂದರು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರಿನವನಿಗೆ, ಹತ್ತಿ ಗಿರಣಿಯ ಸೈರನ್ ಕೇಳಿ ಗಡಿಯಾರಕ್ಕೆ ಕೀಲಿ ಕೊಟ್ಟ ಪೀಳಿಗೆಯವನಿಗೆ, ಇದು ಹೇಳುವ ಮಾತೇ? ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಹಸಿ ಎನ್ನಿಸುವುದಿಲ್ಲವೆಂದು ಆಮೇಲೆ ನಾನೂ ಓದಿದೆ. ಓದಿದ್ದನ್ನು ಷಡ್ಡಕರಿಗೆ ಹೇಳಲಿಲ್ಲ.

ಥರ್ಮಲ್ ಕೊಳ್ಳಲು ಪೇಟೆಗೆ ಹೋದೆವು. ಅದು ಒಳಉಡುಪಿನ ಜಾತಿಗೆ ಸೇರಿದ್ದರಿಂದ ಹಾಕಿ ನೋಡುವಂತಿಲ್ಲವೆಂದ ಅಂಗಡಿಯ ಹುಡುಗ. ಡಬ್ಬಿಯ ಮೇಲೆ ಗಡ್ಡ ಬಿಟ್ಟ ಒಬ್ಬ ಯುವಕ ಅದನ್ನು ಹಾಕಿಕೊಂಡು ಬೆಟ್ಟ ನೋಡುತ್ತಾ ನಿಂತಿದ್ದ. ಅವನಿಗೆ ಹೊಟ್ಟೆ ಇರಲಿಲ್ಲ. “ಎಳದ್ರೆ ಹಿಗ್ಗುತ್ತೆ ಸರ್” ಎಂದು ಧೈರ್ಯ ಹೇಳಿದ ಹುಡುಗ, ನನ್ನ ನಡುವನ್ನು ಒಮ್ಮೆ ನೋಡಿ, “ಒಂದು ಸೈಜು ದೊಡ್ಡದೇ ತಗೊಳ್ರಿ” ಎಂದೂ ಸೇರಿಸಿದ. ಜಾಕೆಟ್ಟಿಗೆ ಮಾತ್ರ ಟ್ರಯಲ್ ಉಂಟು. ಹೊರಗೆ ಬಿಸಿಲು ಕಾಯುತ್ತಿರುವಾಗ, ಫ್ಯಾನಿನ ಕೆಳಗೆ, ಮೈನಸ್ ಹತ್ತು ಡಿಗ್ರಿಗೆಂದು ಚೀಟಿ ಅಂಟಿಸಿದ ಜಾಕೆಟ್ಟಿನೊಳಗೆ ನಿಂತು ಕನ್ನಡಿ ನೋಡಿಕೊಳ್ಳುವುದಿದೆಯಲ್ಲ, ಅದು ಇಡ್ಲಿಯ ಹಿಟ್ಟಿಗಷ್ಟೇ ಅರ್ಥವಾಗುವ ಅನುಭವ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಹೆಂಡತಿ ದೂರ ನಿಂತು, “ತೋಳು ಎತ್ರಿ... ಹಿಂದಕ್ಕೆ ತಿರುಗ್ರಿ... ಕೂತು ಏಳ್ರಿ” ಎಂದು ಪರೀಕ್ಷೆ ಮಾಡುತ್ತಿದ್ದಳು. “ಮೈನಸ್ ಹತ್ತು ಅಂತ ಹೇಗೆ ಗೊತ್ತಪ್ಪ ನಿಮಗೆ?” ಎಂದು ಹುಡುಗನನ್ನು ಕೇಳಿದೆ. “ಚೀಟಿ ಐತಲ್ಲ ಸರ್” ಎಂದ.

ಸ್ವೆಟರಿಗೆ ಟಿಬೆಟಿಯನ್ನರೇ ಸರಿ ಎಂದು ತೀರ್ಮಾನವಾಯಿತು. ದೀಪಾವಳಿ ಹತ್ತಿರವಾದಂತೆ ನಮ್ಮ ಊರುಗಳಲ್ಲಿ ಅವರ ಸಾಲು ಅಂಗಡಿಗಳು ಏಳುತ್ತವೆ. ಸಂಕ್ರಾಂತಿ ಕಳೆದರೆ ಗಂಟು ಕಟ್ಟುತ್ತವೆ. 1960ರ ಹೊತ್ತಿಗೆ ಬೈಲಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ನೆಲೆ ಕಂಡುಕೊಂಡ ಜನ. ಬೇಸಾಯದ ಬಿಡುವಿನ ತಿಂಗಳುಗಳಲ್ಲಿ ಲುಧಿಯಾನದಿಂದ ಸ್ವೆಟರ್ ತರಿಸಿ ಊರೂರು ಮಾರುತ್ತಾ ಬಂದಿದ್ದಾರೆ. ನನ್ನ ಬಾಲ್ಯದ ಸ್ವೆಟರೂ ಅವರದೇ. ಮೂರು ವರ್ಷಕ್ಕೆ ಆಗಲೆಂದು ಅಪ್ಪ ತಂದದ್ದು. ಮೊದಲ ವರ್ಷ ಅದರೊಳಗೆ ನನ್ನನ್ನು ಹುಡುಕಬೇಕಾಗುತ್ತಿತ್ತಂತೆ.

ಅಂಗಡಿಯ ಹೆಂಗಸು ನನ್ನ ಹೆಂಡತಿಯನ್ನು ಮಾತಿಗೆ ಎಳೆದಳು. “ಕಮ್ಮಿ ಆಗಲ್ಲ ಅಕ್ಕ, ಫಿಕ್ಸೆಡ್ ರೇಟ್.” ನಾನು ಅನೇಕರ ಕನ್ನಡ ತಿದ್ದಿದವನು; ಆಕೆಯ ಕನ್ನಡದಲ್ಲಿ ತಿದ್ದುವುದೇನೂ ಇರಲಿಲ್ಲ, ರೇಟಿನಲ್ಲಿತ್ತು. ಚೌಕಾಸಿ ನಡೆಯುತ್ತಿದ್ದಾಗ ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ಹುಡುಗನನ್ನು ನಾನು ಗೌರವದಿಂದಲೇ ವಿಚಾರಿಸಿದೆ. ಹಿಮಾಲಯದ ನೆತ್ತಿಯ ಮೇಲೆ ಬದುಕಿದ ಜನಾಂಗ, ಚಳಿಯ ಗುಟ್ಟು ಇವರಿಗಲ್ಲದೆ ಯಾರಿಗೆ ಗೊತ್ತು? “ಈ ಸ್ವೆಟರು ಹಿಮದಲ್ಲಿ ತಡೆಯುತ್ತೇನಪ್ಪ?”

“ನಾನು ಹಿಮ ನೋಡಿಲ್ಲ ಅಂಕಲ್. ನಮ್ದು ಮುಂಡಗೋಡು. ಅಲ್ಲಿ ಮಳೆ ಜಾಸ್ತಿ” ಎಂದ.

ಇಬ್ಬರೂ ಒಂದೇ ಸ್ಥಿತಿಯಲ್ಲಿದ್ದೇವೆಂದು ತಿಳಿದ ಮೇಲೆ ವ್ಯಾಪಾರ ಸುಲಭವಾಯಿತು.

ಅವ್ವನಿಗೆ ಈ ಯಾವುದರಲ್ಲೂ ನಂಬಿಕೆಯಿರಲಿಲ್ಲ. ಅವಳ ಕಟ್ಟಿನಲ್ಲಿ ಚಳ್ಳಕೆರೆಯ ಕರಿ ಕಂಬಳಿಯೊಂದಿದೆ. ನಮ್ಮ ಬಯಲುಸೀಮೆಯ ಕುರಿಯ ಒರಟು ಉಣ್ಣೆ, ಕುರುಬರ ಮಗ್ಗ, ಹುಣಸೆಬೀಜದ ಗಂಜಿ. ನಿಲ್ಲಿಸಿದರೆ ನಿಲ್ಲುವ ಕಂಬಳಿ. ಮಳೆಯಲ್ಲಿ ಕೊಪ್ಪೆ, ರಾತ್ರಿ ಹೊದಿಕೆ, ಹಗಲು ಹಾಸು, ಕಣದಲ್ಲಿ ಕಾಳು ಹರಡಲು ಜಾಗ: ಮೂರು ಪದರದ ಕೆಲಸವನ್ನು ಒಂದೇ ಪದರದಲ್ಲಿ ಮುಗಿಸುವಂಥದ್ದು. “ಇದೊಂದ್ ತಗಂಡ್ ಹೋಗೋ. ಅವೆಲ್ಲ ಪ್ಲಾಸ್ಟಿಕ್ಕು” ಎಂದಳು. ಜಾಕೆಟ್ಟಿನ ಚೀಟಿಯಲ್ಲಿ ಪಾಲಿಯೆಸ್ಟರ್ 100% ಎಂದಿದ್ದುದರಿಂದ ಎದುರಾಡುವಂತಿರಲಿಲ್ಲ. ವಿಮಾನದಲ್ಲಿ ತಲೆಗೆ 15 ಕಿಲೋ ಮಾತ್ರವೆಂದು ಮಗಳು ವಿವರಿಸಿದಳು. “ಹಂಗಾರೆ ಹೊದ್ಕಂಡ್ ಹೋಗ್ಲಿ, ಹೊದ್ದಿದ್ದನ್ನ ತೂಕ ಹಾಕ್ತಾರಾ?” ಎಂದಳು ಅವ್ವ. ಈ ಉಪಾಯ ಅವಳೊಬ್ಬಳದೇ ಅಲ್ಲವೆಂದು ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು. ಬೆಂಗಳೂರಿನ ಮಧ್ಯಾಹ್ನದಲ್ಲಿ ಜಾಕೆಟ್ಟು, ಮಫ್ಲರು, ಗೇಣೆತ್ತರದ ಬೂಟು ಧರಿಸಿ, ಕೆಂಪಗೆ ಬೆಂದು ಸಾಲಿನಲ್ಲಿ ನಿಂತವರನ್ನು ನೋಡಿದರೆ ಶ್ರೀನಗರದ ವಿಮಾನ ಯಾವ ಗೇಟಿನದೆಂದು ಫಲಕ ನೋಡಬೇಕಾಗಿರಲಿಲ್ಲ.

ಮಗಳ ಚಿಂತೆ ಬೇರೆ. ಹಿಮ ಬೆಳ್ಳಗಿರುವುದರಿಂದ ಫೋಟೋದಲ್ಲಿ ಎದ್ದು ಕಾಣಲು ಅಮ್ಮನಿಗೆ ಕೆಂಪು, ತನಗೆ ಹಳದಿ, ನನಗೆ ನೀಲಿ. ನಾನು ಕಂದು ಬಣ್ಣ ಆರಿಸಿದ್ದಕ್ಕೆ “ಬಂಡೆ ಅಂದ್ಕೋತಾರೆ ಅಪ್ಪಾ” ಎಂದಳು. ಮಂಕಿ ಕ್ಯಾಪಿನ ಬಗ್ಗೆ ಮಾತುಕತೆ ಮುರಿದುಬಿತ್ತು. ನಾನು ಅದನ್ನು ಔಷಧಿಯ ಡಬ್ಬಿಯಲ್ಲಿ ಮಡಚಿಟ್ಟು ಸಾಗಿಸಿದೆ. ಹೆಂಡತಿಗೆ ಸೀರೆಯ ಪ್ರಶ್ನೆಯಿತ್ತು. ಸಿನಿಮಾದಲ್ಲಿ ನಾಯಕ ಕುತ್ತಿಗೆವರೆಗೆ ಕೋಟು ತೊಟ್ಟಿದ್ದರೂ ನಾಯಕಿ ಶಿಫಾನ್ ಸೀರೆಯಲ್ಲೇ ಹಿಮದ ಮೇಲೆ ಓಡಿ ಬರುತ್ತಾಳೆ. ಆ ಹೆಣ್ಣುಮಕ್ಕಳು ಹಾಡಿನ ಎರಡು ಸಾಲುಗಳ ನಡುವೆ ಎಷ್ಟು ಸಲ ಕಂಬಳಿಯೊಳಗೆ ಹೊಕ್ಕರೋ, ಅದನ್ನು ಯಾರೂ ತೋರಿಸುವುದಿಲ್ಲ.

ಶ್ರೀನಗರದಲ್ಲಿ ನಮ್ಮ ಕಾರಿನ ಚಾಲಕ ಒಂದೇ ಒಂದು ದೊಗಲೆ ನಿಲುವಂಗಿ ತೊಟ್ಟಿದ್ದ. ಫೆರನ್. ತೋಳುಗಳು ಖಾಲಿಯಾಗಿ ತೂಗುತ್ತಿದ್ದವು. ಕೈಗಳೆರಡೂ ಒಳಗೆ, ಬೆತ್ತದ ಬುಟ್ಟಿಯಲ್ಲಿಟ್ಟ ಮಣ್ಣಿನ ಕುಡಿಕೆಯ ಕೆಂಡದ ಹತ್ತಿರ. ಅದಕ್ಕೆ ಕಾಂಗ್ಡಿ ಎನ್ನುತ್ತಾರೆ. ನನ್ನ ಪದರಗಳೊಳಗೆ ಗಾಳಿಯನ್ನು ನಾನೇ ಬಿಸಿ ಮಾಡಬೇಕು. ಅವನು ಒಲೆಯನ್ನೇ ಒಳಗಿಟ್ಟುಕೊಂಡಿದ್ದ.

ಮರುದಿನ ಗುಲ್ಮಾರ್ಗಿಗೆ ಹೊರಟೆವು. 13 ಕಿಲೋಮೀಟರ್ ಇರುವಾಗಲೇ ತಂಗ್ಮಾರ್ಗಿನಲ್ಲಿ ಕಾರು ನಿಂತಿತು. ರಸ್ತೆಯುದ್ದಕ್ಕೂ ಅಂಗಡಿಗಳು, ಅವುಗಳಲ್ಲಿ ಬಾಡಿಗೆಗೆ ಕೋಟು ಮತ್ತು ಗಂಬೂಟು. “ಮೇಲೆ ತುಂಬಾ ಚಳಿ, ಇವು ಸಾಲದು” ಎಂದು ನಮ್ಮ ಜಾಕೆಟ್ಟುಗಳನ್ನು ಹಿಡಿದು ನೋಡಿ ಅಂಗಡಿಯವನು ತೀರ್ಪು ಕೊಟ್ಟ. ಅಷ್ಟು ಹೇಳುವ ಹೊತ್ತಿಗೆ ನನ್ನ ಎರಡೂ ತೋಳು ಅವನ ಕೋಟಿನೊಳಗಿದ್ದವು. ಮೊಣಕಾಲಿನವರೆಗೆ ಬರುವ, ಕೊರಳಿಗೆ ನಕಲಿ ತುಪ್ಪಳವಿರುವ, ಎಷ್ಟೋ ರಾಜ್ಯಗಳ ಬೆವರು ಕಂಡ ಕೋಟು. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ನಂಬರು. ಹೀಗೆ ನಮ್ಮ ಕೆಂಪು, ಹಳದಿ, ನೀಲಿಗಳೆಲ್ಲ ಒಳಗೆ ಹೋದವು. ಗುಲ್ಮಾರ್ಗಿನಲ್ಲಿ ಹಿಮ ನಿಜಕ್ಕೂ ಚೆನ್ನಾಗಿತ್ತು, ನಾನು ಮಗುವಿನಂತೆ ಎರಚಾಡಿದೆ. ಆದರೆ ಫೋಟೋಗಳಲ್ಲಿ ನಾವು ಯಾರೆಂದು ಹೇಳುವುದು ಕಷ್ಟ. ಗುಜರಾತಿನವರು, ಬಂಗಾಳದವರು, ರಾಣೆಬೆನ್ನೂರಿನವರು ಎಲ್ಲರೂ ಅದೇ ಕೋಟಿನಲ್ಲಿ, ಅದೇ ಹಿಮವನ್ನು ಎರಡೂ ಕೈಯಲ್ಲಿ ಮೇಲಕ್ಕೆ ತೂರುತ್ತಿದ್ದರು. ನಾವು ಗೋಡೆಗೆ ಹಾಕಿಸಿದ ಫೋಟೋದಲ್ಲಿ ಬಲಗಡೆ ಇರುವವರು ನಮ್ಮವರಲ್ಲವೆಂದು ಹೆಂಡತಿಗೆ ಇವತ್ತಿಗೂ ಅನುಮಾನ.

ಸಂಜೆ ಒಬ್ಬ ಶಾಲಿನ ವ್ಯಾಪಾರಿ ಬಂದ. ಪಶ್ಮಿನಾ ಅಂದರೆ ಲಡಾಖಿನ ಚಾಂಗ್‌ಥಾಂಗ್ ಮೇಕೆಯ ಒಳಗೂದಲು. ಎಳೆ 12ರಿಂದ 16 ಮೈಕ್ರಾನ್ ಅಷ್ಟೇ, ನಮ್ಮ ತಲೆಗೂದಲಿನ ನಾಲ್ಕನೇ ಒಂದು ಭಾಗದಷ್ಟೂ ಬರುವುದಿಲ್ಲ. ಅದನ್ನು ಮುಟ್ಟಿದ ಬೆರಳಿಗೆ ಸ್ವಲ್ಪ ಹೊತ್ತು ಬೇರೇನೂ ಬೇಡವಾಗುತ್ತದೆ. ಅಸಲಿಯೆಂದು ತೋರಿಸಲು ಅವನು ಹೆಂಡತಿಯ ಉಂಗುರ ಬೇಡಿ, ಶಾಲನ್ನು ಅದರೊಳಗಿಂದ ಸರ್ರನೆ ಎಳೆದ. ಎಲ್ಲರೂ ಬೆರಗಾದರು. ನನಗೆ ಬೆರಗಾಗಲಿಲ್ಲ, ನಮ್ಮ ಓಣಿಯ ಗಣೇಶ ಸಮಿತಿಯ ಶಾಲು ಮೂಗುಬೊಟ್ಟಿನೊಳಗಿಂದಲೂ ತೂರಿಬರುತ್ತದೆ. ಹಾಗೆಂದು ಅವನಿಗೆ ಹಿಂದಿಯಲ್ಲಿ ಹೇಳಲು ಹೋದೆ. ಹೆಂಡತಿ ಕಾಲು ತುಳಿದಳು. ಬೂಟಿದ್ದುದರಿಂದ ನೋವಾಗಲಿಲ್ಲ.

ಈಗ ಆ ಜಾಕೆಟ್ಟುಗಳ ಬದುಕು ನಮ್ಮದಕ್ಕಿಂತ ರಂಗಾಗಿದೆ. ದಾವಣಗೆರೆಯಲ್ಲಿ ಹಾಕುವಂತಿಲ್ಲ, ಬಿಸಾಡುವಂತಿಲ್ಲ. ಬಳಗದಲ್ಲಿ ಯಾರು ಬೆಟ್ಟ ಹತ್ತಿದರೂ ಮೊದಲು ನಮ್ಮ ಮನೆ ಹತ್ತುತ್ತಾರೆ. “ಹೆಂಗೂ ಒಂದೇ ಸಲ ಹಾಕ್ಕೊಳ್ಳೋದಲ್ವಾ, ಯಾಕ್ ಸುಮ್ನೆ ಹೊಸದು” ಎನ್ನುತ್ತಾರೆ. ನನ್ನ ನೀಲಿ ಜಾಕೆಟ್ಟು ಡಾರ್ಜಿಲಿಂಗ್ ನೋಡಿದೆ, ಶಿಮ್ಲಾ ನೋಡಿದೆ; ನಾನು ಎರಡನ್ನೂ ನೋಡಿಲ್ಲ. ಪ್ರತಿ ಸಲ ಬಂದಾಗ ಕಿಸೆಯಲ್ಲಿ ಏನಾದರೊಂದು ಇರುತ್ತದೆ: ಪ್ರಸಾದದ ಪೊಟ್ಟಣ, ಒಂಟಿ ಕೈಗವಸು, ವಾಂತಿಯ ಮಾತ್ರೆ. ಮೊನ್ನೆ ಶಿವಮೊಗ್ಗದಿಂದ ತಂಗಿಯ ಅಳಿಯ ಫೋನು ಮಾಡಿದ್ದ.

“ಮಾವಾ, ಮೇ ತಿಂಗಳಲ್ಲಿ ಸಿಕ್ಕಿಮ್ಮಿಗೆ ಹೊರಟಿದ್ದೀವಿ. ನೀವು ಬಿಡುವಾಗಿದ್ದೀರಾ?”

ಸಂತೋಷದಿಂದ ನಾನು “ಓಹೋ, ಪೂರ್ತಿ ಬಿಡುವು” ಎಂದೆ.

“ಅಲ್ಲ, ಜಾಕೆಟ್ಟು.”

ನಾನು ಫೋನನ್ನು ಹೆಂಡತಿಗೆ ಕೊಟ್ಟೆ. ಅವಳು ಕ್ಯಾಲೆಂಡರಿನ ಹಾಳೆ ತಿರುವಿ, “ಮೇ ಆಗಲ್ಲಪ್ಪ, ಕೇದಾರಕ್ಕೆ ಅಂತ ಆಗ್ಲೇ ಮೂಲೆಮನೆಯವರು ಹೇಳಿದ್ದಾರೆ. ಜೂನ್ ಎರಡನೇ ವಾರ ಆದ್ರೆ ಕೆಂಪುದೂ ಸೇರಿಸಿ ಕೊಡ್ತೀನಿ” ಎಂದಳು.