ಕಾಂಪೌಂಡಿನ ಮೇಲೆ ಮೂರು ಬಗೆ ಚಾಕಲೇಟು

ಅಕ್ಕಾ, ಬಟ್ಟೆ ಹರವಿ ಆಯ್ತಾ? ಹಾಗಾದ್ರೆ ಸ್ವಲ್ಪ ಈ ಕಡೆ ಬನ್ನಿ. ಗೋಡೆ ಮೇಲೆ ತಟ್ಟೆ ಇಟ್ಟಿದ್ದೇನೆ, ಮೂರು ಬಗೆ ಚಾಕಲೇಟು ಉಂಟು. ಬೇಗ ಬನ್ನಿ, ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುತ್ತದೆ. ಕಗ್ಗದಾಸಪುರದ ಬಿಸಿಲು ಈಗ ಅಷ್ಟಕ್ಕೇ ಬಂದು ನಿಂತಿದೆ.

ಮೊನ್ನೆ ನಿಮ್ಮ ಮಗ ಬಾಗ್ಮನೆ ಟೆಕ್ ಪಾರ್ಕಿನಿಂದ ಬರುವಾಗ ವಿದೇಶಿ ಚಾಕಲೇಟು ತಂದಿದ್ದನಲ್ಲ, ಆರ್ಗ್ಯಾನಿಕ್, ಎಥಿಕಲ್ ಅಂತ ಮುದ್ರೆ ಇದ್ದದ್ದು? ಅದನ್ನು ನೋಡಿದಾಗಿನಿಂದ ನನ್ನ ಮನಸ್ಸು ಊರ ಕಡೆಗೇ ಓಡುತ್ತಿದೆ. ನಾವು ವಿಟ್ಲದ ಕಡೆಯವರು. ಅಡಿಕೆ ಮರದ ನೆರಳಲ್ಲಿ, ಅದಕ್ಕೆ ಬಿಟ್ಟ ನೀರಲ್ಲೇ ನಮ್ಮಲ್ಲಿ ಕೊಕ್ಕೊ ಬೆಳೆಯುತ್ತದೆ. ಅಳಿಲು, ಮಂಗಗಳ ಕೈಗೆ ಸಿಗದೆ ಉಳಿದ ಕಾಯಿ ಒಡೆದು, ಬೀಜದ ಮೇಲಿನ ಬಿಳಿ ತಿರುಳು ಚೀಪಿಯೇ ನಾವೆಲ್ಲ ದೊಡ್ಡವರಾದದ್ದು.

ಮೊದಲು ಕಪ್ಪಗಿನದು ತಗೊಳ್ಳಿ. ಹಾಲಿನದು ಮೊದಲು ತಿಂದರೆ ಆ ಸಿಹಿಯ ಮುಂದೆ ಇದು ಬರೀ ಕಹಿ ಅನಿಸುತ್ತದೆ. ಮುರಿದಾಗ ಟಕ್ ಅಂದಿತಲ್ಲ, ಹದ ಸರಿ ಬಂದಿದೆ ಅಂತ ಲೆಕ್ಕ. ಅಗಿಯಬೇಡಿ, ನಾಲಗೆ ಮೇಲೆ ಇಟ್ಟು ಸುಮ್ಮನಿರಿ. ಮೊದಲು ಕಹಿ, ಆಮೇಲೆ ಹಣ್ಣಿನ ಹುಳಿ, ಅದರ ಹಿಂದಿನಿಂದ ಹುರಿದ ಬೀಜದ ಪರಿಮಳ. ಇದು ಮೈಸೂರಿನ ನವಿಲುನಾ. 2012ರಲ್ಲಿ ಅರ್ಥ್ ಲೋಫ್ ಅನ್ನುವ ಹೆಸರಲ್ಲಿ ಶುರುವಾದವರು; ನಮ್ಮ ಅಡ್ಯನಡ್ಕದ ವಾರಣಾಶಿ ಸಾವಯವ ತೋಟದಿಂದಲೂ ಬೀಜ ತರಿಸಿದವರು. ಒಂದು ಗುಟುಕು ನೀರು ಕುಡಿದು ಮುಂದಿನದು ನೋಡಿ. ಅದು ಆರೋವಿಲ್ಲಿನ ಮೇಸನ್ ಅಂಡ್ ಕೋ ಅವರದು. ಇದೂ ಕಪ್ಪೇ, ಆದರೂ ರುಚಿ ಬೇರೆ, ಅಲ್ವಾ?

ಆ ವ್ಯತ್ಯಾಸ ಎಲ್ಲಿಂದ ಬಂತು ಅಂದ್ರೆ, ಅರ್ಧ ಪಾಲು ತೋಟದಲ್ಲೇ ಬಂತು. ಹಸಿ ಕೊಕ್ಕೊ ಬೀಜಕ್ಕೆ ಚಾಕಲೇಟಿನ ವಾಸನೆಯೇ ಇಲ್ಲ. ತಿರುಳಿನ ಸಮೇತ ಮರದ ಪೆಟ್ಟಿಗೆಗೆ ತುಂಬಿ ಐದಾರು ದಿನ ಹುದುಗಿಸಬೇಕು, ನಡುನಡುವೆ ಮಗುಚಬೇಕು. ದೋಸೆ ಹಿಟ್ಟಿನ ಹಾಗೇ. ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಕೆಟ್ಟಿತು. ಒಳಗೆ ಬಿಸಿ ಏರಿ ಬೀಜದ ಜೀವ ಹೋದ ಮೇಲೆಯೇ ರುಚಿಗೆ ದಾರಿ. ಆಮೇಲೆ ಬಿಸಿಲಲ್ಲಿ ಒಣಗಿಸುವುದು. ನಮ್ಮೂರಿನ ಹೆಚ್ಚಿನವರು ಹಸಿ ಬೀಜವನ್ನೇ ತೂಗಿ ಕೊಟ್ಟು ಬರುತ್ತಾರೆ. ಹುದುಗಿಸುವ ವಿದ್ಯೆ ಕಲಿತು, ಒಣಬೀಜಕ್ಕೆ ಒಳ್ಳೆಯ ಬೆಲೆ ಕೇಳುವ ಬೆಳೆಗಾರರು ಹೆಚ್ಚಬೇಕು ಅಂತ ನನಗೆ ಬಹಳ ಆಸೆ.

ಈಗ ಹಾಲಿನದು ತಿನ್ನಿ. ನಗಬೇಡಿ, ಇದು ನಮ್ಮ ಕ್ಯಾಂಪ್ಕೊ ಬಾರ್. ಅಂಗಡಿಯ ಗಾಜಿನ ಭರಣಿ ಪಕ್ಕ ಸಿಗುವುದನ್ನು ಈ ಸಾಲಲ್ಲಿ ಯಾಕೆ ಇಟ್ಟೆ ಅಂತೀರಾ? 1980ರ ಆಸುಪಾಸಿನಲ್ಲಿ ಕೊಕ್ಕೊ ಬೆಲೆ ಬಿದ್ದು, ಕೊಳ್ಳುತ್ತಿದ್ದ ಕಂಪನಿಯೂ ಹಿಂದೆ ಸರಿಯಿತು. ಗಿಡ ನೆಡಿ ನೆಡಿ ಅಂತ ಹೇಳಿಸಿಕೊಂಡು ನೆಟ್ಟವರು ಏನು ಮಾಡಬೇಕು? ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆ ಈ ಕ್ಯಾಂಪ್ಕೊ. ಆಗ ಕೊಕ್ಕೊ ಖರೀದಿಗೂ ಅದೇ ಇಳಿಯಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯೇ ಎದ್ದಿತು. ಬೆಳೆದವರೇ ಪಾಲುದಾರರು. ಎಥಿಕಲ್ ಅನ್ನುವ ಮುದ್ರೆ ಅದರ ಮೇಲೆ ಇಲ್ಲ, ಆದರೆ ಆ ಕೆಲಸ ಅದು ಆಗಲೇ ಮಾಡಿತ್ತು.

ಎಥಿಕಲ್ ಅನ್ನುವ ಮಾತು ಯಾಕೆ ಬಂತು ಅಂತೀರಾ? ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್, ಘಾನಾದಿಂದ. ಆ ಎರಡು ದೇಶಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ಕೊಕ್ಕೊ ತೋಟದ ದುಡಿಮೆಯಲ್ಲಿದ್ದಾರೆ ಅಂತ 2020ರ ಒಂದು ಅಧ್ಯಯನ ಹೇಳಿತು. ಅತಿ ಕೆಟ್ಟ ಬಗೆಯ ಮಕ್ಕಳ ದುಡಿಮೆ ನಿಲ್ಲಿಸುತ್ತೇವೆ ಅಂತ ದೊಡ್ಡ ಕಂಪನಿಗಳು 2001ರಲ್ಲೇ ಸಹಿ ಹಾಕಿದ್ದವು. ಬೆಳೆದವನಿಗೆ ಬೆಲೆ ಸಿಗದಿದ್ದರೆ ಅವನು ಕೂಲಿಯಾಳು ಎಲ್ಲಿಂದ ಇಟ್ಟಾನು? ಅದಕ್ಕೇ ನನಗೆ ಬೆಲೆಯೇ ಮೊದಲ ಪ್ರಶ್ನೆ. 2024ರಲ್ಲಿ ಅಲ್ಲಿ ಫಸಲು ಕೈಕೊಟ್ಟಾಗ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಅದೇ ವರ್ಷ ನಮ್ಮಲ್ಲೂ ಹಸಿ ಬೀಜ ಕಿಲೋಗೆ 200 ರೂಪಾಯಿ ದಾಟಿ, ಮರೆತುಬಿಟ್ಟಿದ್ದ ಗಿಡಗಳಿಗೆಲ್ಲ ಮತ್ತೆ ಗೊಬ್ಬರ ಬಿತ್ತು.

ಸಾವಯವದ ಮಾತು ಬೇರೆ, ಅಕ್ಕಾ. ಎಥಿಕಲ್, ಸಾವಯವ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸಹಕಾರಿಯ ಚಾಕಲೇಟು ಸಾವಯವ ಆಗಿರಬೇಕೆಂದಿಲ್ಲ. ಸಾವಯವ ಅಂದ ಕೂಡಲೇ ರೈತನಿಗೆ ನ್ಯಾಯದ ಬೆಲೆ ಸಿಕ್ಕಿತು ಅಂತಲೂ ಅಲ್ಲ. ನಮ್ಮ ಮಳೆಗಾಲದಲ್ಲಿ ಕೊಕ್ಕೊ ಕಾಯಿ ಕಪ್ಪಾಗಿ ಕೊಳೆಯುತ್ತದೆ, ಅದಕ್ಕೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಸಾವಯವದವರೂ ಅದನ್ನು ಮಿತಿಯಲ್ಲಿ ಒಪ್ಪುತ್ತಾರೆ. ಉಳಿದ ವಿಷ ಬಿಟ್ಟು ಆ ಮಳೆಯಲ್ಲಿ ಬೆಳೆ ಉಳಿಸಿಕೊಳ್ಳುವವನ ಶ್ರಮ ದೊಡ್ಡದು. ನಾಲ್ಕು ಕಾಸು ಹೆಚ್ಚು ಕೊಟ್ಟರೆ ತಪ್ಪೇನಿಲ್ಲ.

ಮುಂದಿನ ಸಲ ಕೊಳ್ಳುವಾಗ ಹೊದಿಕೆ ತಿರುಗಿಸಿ ನೋಡಿ. ಕೊಕ್ಕೊ ಬೆಣ್ಣೆಯ ಬದಲು ವನಸ್ಪತಿ ಕೊಬ್ಬೇ ಮೊದಲ ಸಾಲಲ್ಲಿದ್ದರೆ ಅದನ್ನು ಅಲ್ಲೇ ಇಡಿ. ಸಾವಯವ ಅಂದಿದ್ದರೆ ಜೈವಿಕ್ ಭಾರತ್ ಗುರುತು ಹುಡುಕಿ. ಬೀಜ ಯಾವ ತೋಟದ್ದು, ಯಾವ ಊರಿನದು ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವನನ್ನೇ ಕೇಳಿ. ಮಕ್ಕಳ ಕೈಗೆ ದಿನಾ ಕೊಡಲು ಪುತ್ತೂರಿನದು ಇರಲಿ, ಊಟದ ಮೇಲೆ ನಮ್ಮಿಬ್ಬರಿಗೆ ಒಂದೊಂದು ತುಂಡು ಕಪ್ಪಗಿನದು ಸಾಕು. ಕೇಳುವವರು ಹೆಚ್ಚಾದರೆ ಬೆಳೆದವನ ಹೆಸರು ಹೊದಿಕೆಯ ಮೇಲೆ ಬಂದೇ ಬರುತ್ತದೆ, ಅವನ ಬೆಲೆಯೂ ಅದರ ಹಿಂದೆ ಬರುತ್ತದೆ.